ಒಂದು ಬೇಸಿಗೆಯ ತಂಡಕ್ಕೆ ಬರೆದ ಫಲಕ

ಫಲಕದ ಮೇಲೆ ನೂರು ಪದಗಳಿಗಿಂತ ಹೆಚ್ಚು ಹಿಡಿಯುವುದಿಲ್ಲವೆಂದು ಗ್ರಂಥಪಾಲಕಿ ಮೊದಲ ದಿನವೇ ಹೇಳಿದ್ದರು. ಅಷ್ಟರಲ್ಲಿ ಒಂದು ಬೇಸ್‌ಬಾಲ್ ತಂಡದ ಹುಟ್ಟು, ವಲಸೆ, ಅಳಿವು ಎಲ್ಲವೂ ಅಡಗಬೇಕು. ಅದನ್ನು ಕಂಚಿನಲ್ಲಿ ಎರಕ ಹೊಯ್ದು, ಮಗಳಿರುವ ಹ್ಯಾರಿಸನ್ ಊರಿನ ಹೊಸ ಅಪಾರ್ಟ್‌ಮೆಂಟುಗಳಿಂದ ರೈಲು ನಿಲ್ದಾಣಕ್ಕೆ ಹೋಗುವ ಕಾಲುದಾರಿಯ ಪಕ್ಕದಲ್ಲಿ ನಿಲ್ಲಿಸಬೇಕು. ಆ ದಾರಿಯಲ್ಲಿ ದಿನವೂ ಕೆಲಸಕ್ಕೆ ಓಡುವ ಜನರಿಗೆ ಒಂದು ಕಾಲದಲ್ಲಿ ಅಲ್ಲಿ ಮೈದಾನವಿತ್ತೆಂಬುದು ತಿಳಿಯದು. ನನಗೂ ತಿಳಿದಿರಲಿಲ್ಲ. ಮಗಳ ಮನೆಯ ಬಾಲ್ಕನಿಯಲ್ಲಿ ನಿಂತು ಬೆಳಗಿನ ಸೂರ್ಯನಿಗೆ ಕೈಮುಗಿಯುವಾಗ ಎದುರಿಗೆ ಕಾಣುವ ಆ ನೆಲವನ್ನು ನಾನು ಕಾರು ನಿಲ್ಲಿಸುವ ಜಾಗವೆಂದಷ್ಟೇ ಬಲ್ಲವಳಾಗಿದ್ದೆ.

ಕೆಲಸ ನನ್ನ ಪಾಲಿಗೆ ಬಂದ ಬಗೆ ಸರಳವಾದದ್ದು. ಮಧ್ಯಾಹ್ನದ ಹೊತ್ತು ಗ್ರಂಥಾಲಯದಲ್ಲಿ ಕುಳಿತು ಓದುವುದು ನನ್ನ ರೂಢಿ. ತಾಳೆಗರಿಯ ಪ್ರತಿಗಳನ್ನು ಪರಿಶೋಧಿಸಿ ಅಚ್ಚಿಗೆ ಅಣಿಗೊಳಿಸುವುದು ನನ್ನ ವೃತ್ತಿಯಾಗಿತ್ತೆಂದು ಎಂದೋ ಮಾತಿನ ನಡುವೆ ಹೇಳಿದ್ದನ್ನು ಗ್ರಂಥಪಾಲಕಿ ನೆನಪಿಟ್ಟುಕೊಂಡಿದ್ದರು. ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಸುರುಳಿಗಳನ್ನು ಓದಿ ಆ ತಂಡದ ವೃತ್ತಾಂತವನ್ನು ಕಟ್ಟಿಕೊಡುವ ತಾಳ್ಮೆ ನಿಮಗಲ್ಲದೆ ಇನ್ನಾರಿಗೂ ಇಲ್ಲವೆಂದು ಅವರು ಹೇಳಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪರದೇಶದಲ್ಲಿ ವೃದ್ಧೆಯೊಬ್ಬಳಿಗೆ ನಿಮ್ಮಿಂದಲೇ ಆಗಬೇಕೆಂಬ ಮಾತು ಸುಲಭಕ್ಕೆ ಸಿಗುವಂಥದ್ದಲ್ಲ. ಬರೆದವರ ಹೆಸರು ಫಲಕದ ಕೆಳ ಅಂಚಿನಲ್ಲಿ ಬರುತ್ತದೆಂದೂ ಅವರು ಹೇಳಿದರು. ಅದನ್ನು ಕೇಳಿಸಿಕೊಳ್ಳದವಳಂತೆ ಇದ್ದೆ, ಆದರೆ ಮರೆಯಲಿಲ್ಲ.

ತಂಡದ ಕಥೆ ಇಷ್ಟು. ನೂರು ವರ್ಷಗಳಿಗೂ ಹಿಂದೆ, ಎರಡು ದೊಡ್ಡ ಒಕ್ಕೂಟಗಳಿಗೆ ಎದುರಾಗಿ ಮೂರನೆಯದೊಂದು ಒಕ್ಕೂಟ ತಲೆಯೆತ್ತಿತ್ತು. ದೇಶದ ನಡುವಣ ಬಯಲುಸೀಮೆಯ ಊರೊಂದರ ತಂಡ ಆ ಒಕ್ಕೂಟದ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷವೇ ಧನಿಕನೊಬ್ಬ, ಆ ತಂಡವನ್ನು ನ್ಯೂವಾರ್ಕಿನ ಹೆಸರಿನಲ್ಲಿ ಆಡಿಸಲೆಂದು, ಈ ಪಸೇಯಿಕ್ ನದಿಯ ದಂಡೆಗೆ ತಂದ. ತಂಡದ ಅತಿ ಸಮರ್ಥ ಹೊಡೆತಗಾರ ಇಲ್ಲಿಗೆ ಬರಲೇ ಇಲ್ಲ, ಬ್ರೂಕ್ಲಿನ್ನಿನ ತಂಡದ ಪಾಲಾದ. ನ್ಯೂವಾರ್ಕಿನ ಎದುರು ದಂಡೆಯ ಹ್ಯಾರಿಸನ್ನಿನಲ್ಲಿ ಅವಸರದಿಂದ ಮರದ ಆಸನಗಳ ಸಾಲು ಎದ್ದಿತು. ಒಂದು ಬೇಸಿಗೆ ಆಟ ನಡೆಯಿತು. ಚಳಿಗಾಲ ಬರುವ ಹೊತ್ತಿಗೆ ಒಕ್ಕೂಟವೇ ಮುಚ್ಚಿಹೋಯಿತು. ಅದರೊಡನೆ ತಂಡವೂ ಇಲ್ಲವಾಯಿತು. ಆಮೇಲೆಂದೋ ಆ ಮರದ ಸಾಲುಗಳನ್ನು ಬೆಂಕಿ ತಿಂದಿತು. ಗೆದ್ದ ಊರಿಗೆ ತಂಡ ಉಳಿಯಲಿಲ್ಲ, ತಂದ ಊರಿಗೂ ದಕ್ಕಲಿಲ್ಲ.

ನಾನು ಕೆಲಸಕ್ಕೆ ಇಳಿದದ್ದು ನನ್ನ ಗುರುಗಳು ಕಲಿಸಿದ ಕ್ರಮದಲ್ಲಿಯೇ. ದೊರೆತ ಪತ್ರಿಕೆಗಳಿಗೆ ಕ, ಖ, ಗ ಎಂದು ಸಂಕೇತಗಳನ್ನು ಕೊಟ್ಟೆ. ಸುರುಳಿಯನ್ನು ಯಂತ್ರದ ಹಲ್ಲಿಗೆ ಸಿಕ್ಕಿಸಿ, ಗಾಜಿನ ಅಡಿ ಜಾರಿಸಿ, ಅಕ್ಷರಗಳು ತಿಳಿಯಾಗುವವರೆಗೆ ಮಸೂರವನ್ನು ತಿರುವಿ, ಒಂದೊಂದು ಪಂದ್ಯದ ಫಲಿತಾಂಶವನ್ನೂ ಪ್ರತಿಯಿಂದ ಪ್ರತಿಗೆ ಹೋಲಿಸುತ್ತಾ ಹೋದೆ. ಹಿಂದೆ ತಾಳೆಗರಿಯ ಮೇಲೆ ಹುಳು ತಿಂದ ಜಾಗವಿರುತ್ತಿತ್ತು. ಇಲ್ಲಿ ಹಾಳೆಯ ಮಡಿಕೆಯ ಕಪ್ಪು ಗೆರೆ. ಕ ಎಂಬ ಸಂಜೆಪತ್ರಿಕೆಯ ಸುರುಳಿಗಳು ಅಚ್ಚುಕಟ್ಟಾಗಿದ್ದವು. ಪಂದ್ಯ ನಡೆದ ದಿನವೇ ಅಚ್ಚಾದದ್ದು ಅದೊಂದೇ. ಪ್ರತಿ ಸರದಿಗೆ ಎಷ್ಟು ಓಟ ಬಂತೆಂಬ ಅಂಕಿಗಳ ಸಾಲು ಅದರಲ್ಲಿತ್ತು. ಖ ಮತ್ತು ಗ ಮರುದಿನ ಬೆಳಗಿನವು. ಅವುಗಳ ಸುರುಳಿಗಳು ಬಹಳಷ್ಟು ಕೆಟ್ಟಿದ್ದವು, ಓದಲು ಸಿಕ್ಕ ಕಡೆಯಲ್ಲಿ ಒಟ್ಟು ಓಟಗಳಷ್ಟೇ ಕಾಣುತ್ತಿದ್ದವು.

ಆಟದ ನಿಯಮವೇ ತಿಳಿಯದೆ ಅಂಕಿಗಳನ್ನು ಓದುವುದು ಛಂದಸ್ಸು ತಿಳಿಯದೆ ಕಾವ್ಯವನ್ನು ತಿದ್ದಿದಂತೆ. ಆದ್ದರಿಂದ ತಿಳಿದವರೊಬ್ಬರ ನೆರವು ಬೇಕಾಯಿತು. ಹಿಲ್ಸ್‌ಬರೋದ ಡಾಕ್ಟರೊಬ್ಬರನ್ನು ನಾನೇ ಕರೆದೆ. ಅದನ್ನು ಇಲ್ಲಿ ಒತ್ತಿ ಹೇಳುತ್ತೇನೆ: ನಾನೇ ಕರೆದೆ. ಧಾರವಾಡದ ಕಡೆಯವರು, ಅರಿವಳಿಕೆ ತಜ್ಞೆಯಾಗಿ ಇಲ್ಲಿಯೇ ದುಡಿದು ನಿವೃತ್ತರಾದವರು, ಬೇಸ್‌ಬಾಲ್ ನೋಡುವುದರಲ್ಲಿ ಬಹಳ ಆಸಕ್ತಿ. ನಮ್ಮ ಗುರುವಾರದ ಪಾರಾಯಣದ ಬಳಗಕ್ಕೆ ಆಗಾಗ ತಡವಾಗಿ ಬಂದು, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂರುವವರು.

ಅವರು ಬಂದ ಮೊದಲ ಮಧ್ಯಾಹ್ನವೇ ಗ್ರಂಥಪಾಲಕಿ ಕುರ್ಚಿ ಬಿಟ್ಟೆದ್ದು ಬಂದು ಮಾತನಾಡಿಸಿದರು. ನಾನು ಎಷ್ಟೋ ಕಾಲದಿಂದ ಅಲ್ಲಿಗೆ ಹೋಗುತ್ತಿದ್ದೇನೆ. ನನಗಾಗಿ ಅವರು ಎದ್ದದ್ದು ನೆನಪಿಲ್ಲ, ತಲೆಯಾಡಿಸಿ ನಕ್ಕದ್ದುಂಟು. ಡಾಕ್ಟರು ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕುಳಿತು, ಮೇಜಿನ ಮೇಲೆ ನಾಲ್ಕು ಪೆನ್ಸಿಲುಗಳನ್ನು ಚೌಕವಾಗಿ ಜೋಡಿಸಿದರು.

“ನೋಡ್ರಿ ಅಕ್ಕಾರ, ಮನಿ ಬಿಟ್ಟು ಹೊರಗ ಹೋಗೋದು, ಮೂರು ಕಡೆ ಕಾಲೂರೋದು, ತಿರುಗಿ ಮನಿಗೇ ಬರೋದು. ಬಂದ್ರ ಒಂದು ರನ್. ದಾರ್ಯಾಗ ಸಿಕ್ಕೊಂಡ್ರ ಔಟ್. ಮೂರು ಮಂದಿ ಔಟಾದ್ರ ಆ ಸರದಿ ಮುಗೀತು. ಇಂಥವು ಒಂಬತ್ತು ಸರದಿ. ಇಷ್ಟs ಆಟ.”

ನಾನು ಮೂರು ಪುಸ್ತಕಗಳನ್ನು ಓದಿಯೂ ಅರಿಯದಿದ್ದದ್ದು ಒಂದು ನಿಮಿಷದಲ್ಲಿ ಅರಿವಾಯಿತು. ಕೃತಜ್ಞತೆ ಹುಟ್ಟಬೇಕಾಗಿದ್ದ ಜಾಗದಲ್ಲಿ ಬೇರೊಂದು ಹುಟ್ಟಿತು. ಆಟಗಾರರು ಓಡುವುದು ಎಡಕ್ಕೆ ಸುತ್ತಿ, ನಮ್ಮ ಪ್ರದಕ್ಷಿಣೆಗೆ ವಿರುದ್ಧವಾಗಿ, ಎಂಬುದನ್ನು ಮಾತ್ರ ನಾನು ಗಮನಿಸಿ ಹೇಳಿದೆ. ಡಾಕ್ಟರು ಅದನ್ನು ಕೇಳಿ ಬಹಳ ನಕ್ಕರು, ಕೂಡಲೇ ಗ್ರಂಥಪಾಲಕಿಗೆ ಇಂಗ್ಲಿಷಿನಲ್ಲಿ ಹೇಳಿದರು, ಅವರೂ ನಕ್ಕರು. ಸಂಜೆಯ ಹೊತ್ತಿಗೆ ಆ ಮಾತು ಡಾಕ್ಟರದೇ ಎಂಬಂತೆ ಗ್ರಂಥಾಲಯದಲ್ಲೆಲ್ಲ ಓಡಾಡುತ್ತಿತ್ತು.

ಚಳಿಗಾಲವೆಲ್ಲ ಕೆಲಸ ಸಾಗಿತು. ನಾನು ಊರಿನ ಬಸ್ಸಿನಲ್ಲಿ, ಮಂಜುಗಡ್ಡೆಯ ಮೇಲೆ ಹೆಜ್ಜೆ ಊರುತ್ತಾ, ಏಕಾದಶಿಯ ದಿನವೂ ಬಿಡದೆ ಹೋಗುತ್ತಿದ್ದೆ. ಡಾಕ್ಟರು ಬಿಡುವಾದಾಗ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಕಾರನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಅವರಿಗೊಂದು ದಂಡದ ಟಿಕೆಟ್ ಬಿದ್ದದ್ದನ್ನು ಕಾಣೆ. ಗಿರಮಿಟ್ಟು ಕಟ್ಟಿಕೊಂಡು ಬರುತ್ತಿದ್ದರು. ತಿಂಡಿ ತರಬಾರದೆಂದು ಫಲಕ ಹಾಕಿದ್ದ ಸಿಬ್ಬಂದಿಯೇ ಹಿಂದಿನ ಕೋಣೆಯಲ್ಲಿ ನಿಂತು ಅದನ್ನು ತಿನ್ನುತ್ತಿದ್ದರು. ಮಾತ್ಸರ್ಯವನ್ನು ಅರಿಷಡ್ವರ್ಗದಲ್ಲಿ ಕೊನೆಗೆ ಎಣಿಸುತ್ತಾರೆ. ಅದು ಕೊನೆಗೆ ಬರುವುದು ಕಿರಿದೆಂದು ಅಲ್ಲ, ಉಳಿದವು ವಯಸ್ಸಾದಂತೆ ತಾವಾಗಿ ಸೋತ ಮೇಲೂ ಇದು ಗಟ್ಟಿಯಾಗಿ ಉಳಿಯುತ್ತದೆಂದು ಆಗ ನನಗೆ ತೋರಿತು.

ಈ ನಡುವೆ ನನ್ನ ಹೋಲಿಕೆಯಲ್ಲಿ ಒಂದು ವಿಚಿತ್ರ ತಲೆದೋರಿತು. ಕ ಪ್ರತಿಯಲ್ಲಿ ಹಲವು ಪಂದ್ಯಗಳು ಒಂಬತ್ತು ಸರದಿಗಳನ್ನು ಮುಟ್ಟಿರಲಿಲ್ಲ. ಐದಕ್ಕೋ ಆರಕ್ಕೋ ನಿಂತಿದ್ದವು. ಅದೇ ಪಂದ್ಯಗಳಿಗೆ ಖ ಪ್ರತಿ ಕೊಡುವ ಒಟ್ಟು ಓಟ ಕೆಲವೆಡೆ ಹೆಚ್ಚಾಗಿತ್ತು. ಕ ಪ್ರತಿಯಲ್ಲಿ ಮೂರು ಇದ್ದಲ್ಲಿ ಖ ಪ್ರತಿಯಲ್ಲಿ ಐದು. ಎರಡು ಪ್ರತಿಗಳು ಭಿನ್ನವಾದಾಗ ಹಳೆಯದಕ್ಕೆ ಮೊದಲ ಮನ್ನಣೆ ಕೊಡಬೇಕು, ಹಿಗ್ಗಿದ ಪಾಠವನ್ನು ಸಂಶಯದಿಂದ ನೋಡಬೇಕು ಎಂಬುದು ನಾನು ಕಲಿತ ಶಿಸ್ತು. ಬಯಸಿ ಸೇರಿಸುವವರು ಬಹಳ, ಬಯಸಿ ಬಿಡುವವರು ಕಡಿಮೆ. ಕ ಪ್ರತಿಯ ಮೇಲಂಚಿನಲ್ಲಿ ಒಂದು ಸಣ್ಣ ನಕ್ಷತ್ರದ ಗುರುತಿತ್ತು. ಅದು ದಿನದ ಮೊದಲ ಮುದ್ರಣವೆಂದು ಸೂಚಿಸುವ ಚಿಹ್ನೆಯೆಂದು ಕೇಳಿ ತಿಳಿದುಕೊಂಡಿದ್ದೆ, ಅದನ್ನೇ ಅದರ ಶ್ರೇಷ್ಠತೆಗೆ ಆಧಾರವೆಂದು ಗುರುತು ಹಾಕಿಕೊಂಡಿದ್ದೆ. ಖ ಪ್ರತಿಯ ಐದು, ಮಾಸಿದ ಅಚ್ಚುಮೊಳೆಯಿಂದ ಮೂರು ಕೆಟ್ಟು ಆದದ್ದೆಂದು ನಿರ್ಣಯಿಸಿದೆ. ಅಕ್ಷರದೋಷವೆಂದು ಬರೆದಿಟ್ಟೆ.

ಹಾಗಾದರೆ ಪಂದ್ಯಗಳು ನಡುವೆಯೇ ನಿಂತದ್ದೇಕೆ? ಒಂದು ದಿನದ ವರದಿಯಲ್ಲಿ ನದಿಯ ಮೇಲಿಂದ ಮಬ್ಬು ಇಳಿದು ಚೆಂಡು ಕಾಣದಾಯಿತೆಂಬ ಒಂದು ವಾಕ್ಯ ಸಿಕ್ಕಿತು. ಅಂದಿಗೆ ಮೈದಾನಗಳಲ್ಲಿ ದೀಪಗಳಿರಲಿಲ್ಲ. ಆ ಒಂದು ವಾಕ್ಯದ ಮೇಲೆ ನಾನು ಇಡೀ ಬೇಸಿಗೆಯನ್ನು ಕಟ್ಟಿದೆ: ಈ ದಂಡೆಯಲ್ಲಿ ಮಬ್ಬು ಆಟವನ್ನು ಮೊಟಕುಗೊಳಿಸುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ಹುಬ್ಬು ಗಂಟಿಕ್ಕಿದರು.

“ಜುಲೈದಾಗ ಮಬ್ಬು ಎಲ್ಲಿಂದ ಬರ್ತದ್ರಿ ಅಕ್ಕಾರ? ಸಂಜಿ ಎಂಟರ ತನಕ ಬಿಸಿಲು ಇರ್ತದಲ್ಲ ಇಲ್ಲೆ.”

“ಆಗ ನದಿಯ ಎರಡೂ ದಂಡೆಗೆ ಕಾರ್ಖಾನೆಗಳಿದ್ದವು ಡಾಕ್ಟರೇ. ಹೊಗೆ ಇಳಿಯುತ್ತಿತ್ತು. ಪತ್ರಿಕೆಯಲ್ಲಿಯೇ ಇದೆ.”

“ಹಂಗಾದ್ರ ಆತು ಬಿಡ್ರಿ. ಓದಿದವರು ನೀವು.”

ಅವರನ್ನು ಸುಮ್ಮನಾಗಿಸಿದ ಆ ಕ್ಷಣ ನನಗೆ ಸಿಹಿಯಾಗಿತ್ತು.

ವಸಂತದ ಮೊದಲಲ್ಲಿ ಗ್ರಂಥಾಲಯದ ಸಮಿತಿ ಬರಹವನ್ನು ಕೇಳಿತು. ನಾನು ನೂರು ಪದಗಳನ್ನು ಒಂದು ತಿಂಗಳು ತೂಗಿ ಬರೆದೆ. ಪ್ರತಿ ವಾಕ್ಯಕ್ಕೂ ಆಧಾರವನ್ನು ಪ್ರತ್ಯೇಕ ಹಾಳೆಗಳಲ್ಲಿ ಲಗತ್ತಿಸಿದೆ. ಡಾಕ್ಟರನ್ನೂ ಒಂದು ಬರೆದುಕೊಡಿರೆಂದು ಗ್ರಂಥಪಾಲಕಿ ಕೇಳಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಗ್ರಂಥಾಲಯದ ಹೊರಗೆ ಕಾರಿನಲ್ಲಿ ಕುಳಿತು ಫೋನಿನಲ್ಲಿಯೇ ಅದನ್ನು ಬರೆದರು. ಅದರಲ್ಲಿ ಒಂದು ವಾಕ್ಯವಿತ್ತು. ಕನ್ನಡದಲ್ಲಿ ಹೇಳುವುದಾದರೆ: “ಈ ನೆಲದಲ್ಲಿ ಆಟ ಯಾವಾಗ ಮುಗಿಯಬೇಕೆಂಬುದನ್ನು ನದಿಯೇ ತೀರ್ಮಾನಿಸುತ್ತಿತ್ತು.”

ಸಮಿತಿ ಅವರದನ್ನು ಆರಿಸಿತು. ನನ್ನ ಬರಹ ತುಂಬಾ ಸಮಗ್ರವಾಗಿದೆಯೆಂದು ಅಧ್ಯಕ್ಷರು ಎರಡು ಬಾರಿ ಹೇಳಿದರು. ಫಲಕದಲ್ಲಿ ಡಾಕ್ಟರ ಹೆಸರು, ಅದರ ಕೆಳಗೆ ಇನ್ನೂ ಚಿಕ್ಕ ಅಕ್ಷರದಲ್ಲಿ ಸಂಶೋಧನಾ ನೆರವು ಎಂದು ನನ್ನದು. ಮಬ್ಬನ್ನು ಹುಡುಕಿದವಳು ನಾನು. ಆ ಒಂದು ವಾಕ್ಯದ ಸಲುವಾಗಿಯೇ ಬರಹ ಆಯ್ಕೆಯಾಯಿತೆಂದು ಎಲ್ಲರೂ ಹೇಳುತ್ತಿದ್ದರು. ನನ್ನ ಸಾಮಗ್ರಿ, ಅವರ ವಾಕ್ಯ. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಅಮ್ಮ, ಇಟ್ಸ್ ಓಕೆ. ರಿಸರ್ಚ್ ಎಲ್ಲಾ ನಿಂದೇ ಅಂತ ಎಲ್ಲರಿಗೂ ಗೊತ್ತು. ಆಂಟಿ ಸ್ವಲ್ಪ ಚೆನ್ನಾಗಿ ಪ್ಯಾಕೇಜ್ ಮಾಡಿದ್ರು, ಅಷ್ಟೇ ತಾನೆ” ಎಂದಳು. ಸಮಾಧಾನಕ್ಕಾಗಿ ಆಡಿದ ಮಾತು. ಪ್ಯಾಕೇಜ್ ಎಂಬ ಆ ಪದ ಮಾತ್ರ ಬಹಳ ದಿನ ಕಿವಿಯಲ್ಲಿ ಉಳಿಯಿತು.

ಎರಕದ ಕಾರ್ಖಾನೆಗೆ ಕಳುಹಿಸುವ ಮುನ್ನ ಒಮ್ಮೆ ಪರಿಶೀಲಿಸಿ ಕೊಡಬೇಕೆಂದು ಗ್ರಂಥಪಾಲಕಿ ಆ ಬರಹವನ್ನು ನನಗೇ ಕೊಟ್ಟರು. ನಾನು ಅದನ್ನು ಪರಿಶೀಲಿಸಿದ್ದು ಪರಿಶುದ್ಧವಾದ ಮನಸ್ಸಿನಿಂದಲ್ಲ. ಒಂದು ತಪ್ಪು ಸಿಗಲಿ ಎಂದು ಹುಡುಕಿದೆ. ಆಟಗಾರನೊಬ್ಬ ಬಂದ ತಿಂಗಳು, ಮೈದಾನ ತೆರೆದ ದಿನ, ಒಕ್ಕೂಟ ಮುಚ್ಚಿದ ಹೊತ್ತು, ಒಂದೊಂದನ್ನೂ ಹಿಂಜಿ ನೋಡಿದೆ. ಎಲ್ಲವೂ ಸರಿಯಾಗಿದ್ದವು, ಏಕೆಂದರೆ ಎಲ್ಲವನ್ನೂ ಅವರು ನನ್ನಿಂದಲೇ ಪಡೆದಿದ್ದರು. ಉಳಿದದ್ದು ಒಂದೇ ಮಾತು: ತಂಡ ಹೊರಟುಬಂದ ಊರು ಅದನ್ನು ಬೇಗ ಮರೆಯಿತು ಎಂದು ಡಾಕ್ಟರು ಬರೆದಿದ್ದರು. ಅದಕ್ಕೆ ನಾನು ಆಧಾರ ಕೊಟ್ಟಿರಲಿಲ್ಲ. ಅದು ಅವರ ಸ್ವಂತ ಮಾತು. ನನಗೆ ಹುರುಪು ಬಂದಿತು.

ಆ ಊರಿನ ಹಳೆಯ ಬೆಳಗಿನ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಓದುವ ಅನುಕೂಲವನ್ನು ಗ್ರಂಥಪಾಲಕಿ ಮಾಡಿಕೊಟ್ಟರು. ಗುರುವಾರ ಮಧ್ಯಾಹ್ನ, ಪಾರಾಯಣವನ್ನೂ ತಪ್ಪಿಸಿ, ಅದನ್ನು ತೆರೆದು ಕುಳಿತೆ. ಮರೆಯುವುದಿರಲಿ, ಆ ಊರು ತನ್ನನ್ನು ಬಿಟ್ಟುಹೋದ ತಂಡದ ಪಂದ್ಯಗಳನ್ನು ಬಿಡದೆ ಅಚ್ಚು ಹಾಕಿತ್ತು. ತನ್ನ ನೆಲದಲ್ಲಿ ಆಡುತ್ತಿದ್ದಾಗ ಕೊಟ್ಟಷ್ಟೇ ಜಾಗವನ್ನು ಕೊಟ್ಟಿತ್ತು. ತಂಡ ಇಲ್ಲಿ ಸೋತಾಗ ತಲೆಬರಹದ ಅಕ್ಷರ ಕೊಂಚ ದಪ್ಪವಾಗಿರುತ್ತಿತ್ತು. ಯಾರು ಎಷ್ಟು ಬಾರಿ ಚೆಂಡನ್ನು ಕೈಬಿಟ್ಟರೆಂಬುದನ್ನು ಇಲ್ಲಿಯ ಪತ್ರಿಕೆಗಿಂತ ಎಚ್ಚರದಿಂದ ಎಣಿಸಿತ್ತು. ಆ ಎಚ್ಚರ ನನಗೆ ಪರಿಚಿತವಾಗಿ ಕಂಡಿತು. ಪ್ರೀತಿಯಿಂದ ನೋಡುವವರು ಕೆಲವೊಮ್ಮೆ ಕಣ್ಣು ಮುಚ್ಚುತ್ತಾರೆ; ಕಳೆದುಕೊಂಡು ಹೊಟ್ಟೆಯುರಿದವರು ರೆಪ್ಪೆ ಬಡಿಯುವುದಿಲ್ಲ.

ಡಾಕ್ಟರ ತಪ್ಪು ಸಿಕ್ಕಿತೆಂಬ ಹಿಗ್ಗಿನಲ್ಲಿಯೇ ನಾನು ಅಂಕಿಗಳ ಸಾಲನ್ನು ನೋಡಿದೆ. ಒಂಬತ್ತು ಸರದಿಗಳಿದ್ದವು. ಮರುದಿನದ ಪಂದ್ಯ ನೋಡಿದೆ. ಒಂಬತ್ತು. ನನ್ನ ಕ ಪ್ರತಿಯಲ್ಲಿ ಐದಕ್ಕೆ ನಿಂತ ಪಂದ್ಯ, ಆರಕ್ಕೆ ನಿಂತ ಪಂದ್ಯ, ಎಲ್ಲವೂ ಇಲ್ಲಿ ಒಂಬತ್ತಕ್ಕೆ ಮುಗಿದಿದ್ದವು. ಖ ಪ್ರತಿಯ ಐದು ಐದೇ ಆಗಿತ್ತು, ಕೆಟ್ಟ ಮೂರು ಆಗಿರಲಿಲ್ಲ. ಮಬ್ಬಿನ ಮಾತು ಬಂದಿದ್ದ ಆ ಒಂದು ದಿನದ ಪಂದ್ಯವನ್ನು ಬಿಟ್ಟರೆ ಯಾವುದೂ ನಡುವೆ ನಿಂತಿರಲಿಲ್ಲ.

ಗ್ರಂಥಪಾಲಕಿಯನ್ನು ಕರೆದು, ನಕ್ಷತ್ರದ ಗುರುತಿನ ಮುದ್ರಣ ಯಾವ ಹೊತ್ತಿಗೆ ಹೊರಬರುತ್ತಿತ್ತೆಂದು ಸಹಜವಾಗಿ ಕೇಳುವವಳಂತೆ ಕೇಳಿದೆ. ಕಾರ್ಖಾನೆಗಳಿಂದ ಹೊರಟು ರೈಲು ಹತ್ತುವವರ ಕೈಗೆ ಸಿಗಲೆಂದು ಅದನ್ನು ಬೇಗ ಅಚ್ಚು ಹಾಕುತ್ತಿದ್ದರು, ಆ ಹೊತ್ತಿಗೆ ಆಟ ಎಲ್ಲಿಗೆ ಬಂದಿತ್ತೋ ಅಲ್ಲಿಯವರೆಗಿನ ಅಂಕಿಗಳನ್ನು ಹಾಕುತ್ತಿದ್ದರು, ಎಂದು ಅವರು ವಿವರಿಸಿದರು. ಆಟ ನಿಂತಿರಲಿಲ್ಲ, ಅಚ್ಚಿನವನು ಕಾಯಲಿಲ್ಲ. ತಾಳೆಗರಿಯ ಲೋಕದಲ್ಲಿ ಮೊದಲ ಪ್ರತಿ ಮೂಲಕ್ಕೆ ಹತ್ತಿರ. ಸುದ್ದಿಯ ಲೋಕದಲ್ಲಿ ಮೊದಲ ಪ್ರತಿ ಮೂಲ ಮುಗಿಯುವ ಮೊದಲೇ ಹೊರಟಿರುತ್ತದೆ. ಈ ವ್ಯತ್ಯಾಸ, ಕವಿಯ ಕೃತಿಯನ್ನಷ್ಟೇ ಬಲ್ಲ ನನಗೆ ಹೊಳೆದಿರಲಿಲ್ಲ.

ಅಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಮರುದಿನ ಎರಕದ ಕಾರ್ಖಾನೆಯಲ್ಲಿ ಡಾಕ್ಟರು ಕರಡಚ್ಚಿಗೆ ಸಹಿ ಹಾಕುವುದಿತ್ತು. ನಾನು ಬಾಯಿ ತೆರೆಯದಿದ್ದರೆ ನದಿಯ ವಾಕ್ಯ ಕಂಚಿನಲ್ಲಿ ನಿಲ್ಲುತ್ತದೆ. ಎಂದಾದರೊಂದು ದಿನ ಯಾರಾದರೂ ಅದನ್ನು ಸುಳ್ಳೆಂದು ತೋರಿಸಿದರೆ ಬರೆದವರೆಂದು ಇರುವುದು ಡಾಕ್ಟರ ಹೆಸರು. ವಾಕ್ಯ ಅವರದು, ಮೆಚ್ಚುಗೆ ಅವರದು, ಆಕ್ಷೇಪವೂ ಅವರಿಗೇ ಸಲ್ಲಲಿ. ಈ ತರ್ಕದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಊಟ ಸರಿಯಾಗಿಯೇ ಸೇರಿತು.

ಬೆಳಗಿನ ಪೂಜೆಯಲ್ಲಿ ಸಹಸ್ರನಾಮ ಹೇಳುತ್ತಿದ್ದಾಗ ಎಲ್ಲಿದ್ದೇನೆಂಬುದು ತಪ್ಪಿತು. ಬಾಲ್ಯದಿಂದ ಬಾಯಿಗೆ ಬಂದದ್ದು; ಎಂದೂ ತಪ್ಪಿರಲಿಲ್ಲ. ಮೊದಲಿನಿಂದ ಹಿಡಿದೆ, ಮತ್ತೆ ಅದೇ ಶ್ಲೋಕದ ಹತ್ತಿರ ಎಡವಿದೆ. ದೇವರ ಮುಂದೆ ಕುಳಿತಾಗ ಮನಸ್ಸಿನಲ್ಲಿ ಬಂದದ್ದು ಧರ್ಮದ ವಿಚಾರವೇ ಎಂದು ಹೇಳಿದರೆ ಓದುವವರಿಗೆ ಹಿತವಾದೀತು. ಬಂದದ್ದು ಅದಲ್ಲ. ಆ ತಪ್ಪನ್ನು ಕಟ್ಟಿದವಳು ನಾನು, ಒಂದು ಚಳಿಗಾಲವನ್ನೇ ಅದಕ್ಕೆ ಕೊಟ್ಟಿದ್ದೇನೆ. ಅದೂ ಡಾಕ್ಟರ ಹೆಸರಿನಲ್ಲಿ ನಿಲ್ಲುವುದೇ? ನನ್ನದೆಂದು ಉಳಿದಿದ್ದ ಅದೊಂದನ್ನೂ ಅವರಿಗೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ಭಗವಂತ ಮನುಷ್ಯರನ್ನು ಅವರ ಗುಣದಿಂದಲೇ ನಡೆಸುತ್ತಾನೆ, ದುರ್ಗುಣದಿಂದಲೂ ನಡೆಸಬಲ್ಲ. ಹೇಳಬೇಕೆಂದು ತೀರ್ಮಾನಿಸಿ ಎದ್ದೆ.

ಡಾಕ್ಟರು ನನ್ನನ್ನು ಕಾರಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಮನ್ರೋ ಎಂಬ ಊರಿನಲ್ಲಿರುವ ತಮ್ಮ ನಾದಿನಿಯ ಅಡಿಗೆಮನೆ ರಿಪೇರಿಯ ಕಥೆಯನ್ನು ಹೇಳಿ ನಗಿಸಲು ನೋಡಿದರು. ನಡುವೆ ನನ್ನ ಮಾತನ್ನು ತೂರಿಸಲು ಎಡೆ ಸಿಗಲಿಲ್ಲ. ಕಾರ್ಖಾನೆಯಲ್ಲಿ ಮರಳಿನ ಅಚ್ಚುಗಳು, ಲೋಹದ ವಾಸನೆ, ಗೋಡೆಗೆ ಒರಗಿಸಿದ ಇತರ ಊರುಗಳ ಫಲಕಗಳು. ಯಜಮಾನ ನಿಜಗಾತ್ರದ ಕರಡಚ್ಚನ್ನು ಮೇಜಿನ ಮೇಲೆ ಹಾಸಿ, ಎಲ್ಲ ಅಕ್ಷರಗಳೂ ಹೊಂದಿವೆ, ಸಹಿಯಾದರೆ ಇಂದೇ ಅಚ್ಚು ತೆಗೆಯುತ್ತೇನೆ ಎಂದ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

“ಸಹಿ ಹಾಕಬೇಡಿ ಡಾಕ್ಟರೇ. ನದಿಯ ವಾಕ್ಯ ತಪ್ಪು. ನಾನು ನಿಮಗೆ ಕೊಟ್ಟದ್ದೇ ತಪ್ಪು.”

ಅವರು ಪೆನ್ನನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ನಕ್ಷತ್ರದ ಗುರುತು, ರೈಲಿನ ಹೊತ್ತು, ಒಂಬತ್ತು ಸರದಿಗಳು, ಮರೆಯದೆ, ಸೋತಾಗ ಹೊಟ್ಟೆಯುರಿಯಿಂದ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದ ಆ ದೂರದ ಊರು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಕೋಪಿಸಿಕೊಳ್ಳಲಿ ಎಂಬ ಆಸೆ ನನಗಿತ್ತು. ಕೋಪಿಸಿಕೊಂಡರೆ ಅವರನ್ನು ಕಂಡು ಉರಿಯುವುದು ಸುಲಭವಾಗುತ್ತಿತ್ತು.

“ಜುಲೈದಾಗ ಮಬ್ಬು ಎಲ್ಲಿಂದ ಬಂತು ಅಂತ ನಾ ಅವತ್ತೇ ಕೇಳಿದ್ದೆ ನೋಡ್ರಿ,” ಎಂದು ಅವರು ಮೆಲ್ಲಗೆ ನಕ್ಕರು. “ಹೋಗ್ಲಿ ಬಿಡ್ರಿ. ಆಪರೇಷನ್ ಟೇಬಲ್ ಮ್ಯಾಲೆ ಗೊತ್ತಾತಲ್ಲ, ಪೇಷಂಟ್ ಮನಿಗೆ ಹೋದ ಮ್ಯಾಲೆ ಅಲ್ಲಲ್ಲ. ಈಗ ಅಲ್ಲಿ ಏನ್ ಹಾಕೋಣ? ನೀವs ಹೇಳ್ರಿ.”

ಯಜಮಾನ ಅಡ್ಡಬಂದು, ಮರೆಯಿತೆಂಬ ಮಾತನ್ನೂ ನದಿಯ ವಾಕ್ಯವನ್ನೂ ತೆಗೆದರೆ ಎರಡು ಸಾಲಿನ ಜಾಗ ಖಾಲಿಯಾಗುತ್ತದೆ, ಹೊಸದು ಅಷ್ಟರಲ್ಲಿಯೇ ಕೂರಬೇಕು, ಉಳಿದದ್ದನ್ನು ಮತ್ತೆ ಜೋಡಿಸಲು ತನಗೆ ಸಮಯವಿಲ್ಲ ಎಂದ. ಹೀಗೆ ಕೊನೆಗೆ ಆ ಎರಡು ಸಾಲು ನನ್ನ ಕೈಗೆ ಬಂದವು. ಒಂದು ಚಳಿಗಾಲದ ದುಡಿಮೆಗೆ ದೇವರು ಕೊಟ್ಟ ಜಾಗವೆಂದು ನಾನು ತಿಳಿದೆ. ಕುರ್ಚಿಯೊಂದರಲ್ಲಿ ಕುಳಿತು, ಕನ್ನಡಕ ಒರೆಸಿ, ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಕೊನೆಗೆ ಓದಿ ಹೇಳಿದೆ. ಅದರ ಅರ್ಥ ಹೀಗಿತ್ತು: “ತಂಡವು ಹಿಂದೆ ನೆಲೆಸಿದ್ದ ನಗರದ ಪತ್ರಿಕೆಯಲ್ಲಿಯೂ ಇಲ್ಲಿಯ ಪಂದ್ಯಗಳ ಪೂರ್ಣ ಫಲಿತಾಂಶಗಳು ಪ್ರಕಟವಾಗುತ್ತಿದ್ದವು.”

ಯಜಮಾನ ತಲೆಯಾಡಿಸಿದ. ಡಾಕ್ಟರು ಹಾಳೆಯನ್ನು ತಮ್ಮ ಕಡೆ ತಿರುಗಿಸಿ ಮತ್ತೊಮ್ಮೆ ಓದಿದರು. ಮರ್ಯಾದೆಗೆ ಮಾಡಿದ ಓದು. ಅದು ನನಗೆ ತಿಳಿಯುವಷ್ಟು ಸ್ಪಷ್ಟವಾಗಿತ್ತು.

“ಅಕ್ಕಾರ,” ಎಂದರು ಆಮೇಲೆ, “ಆ ಊರಿನವರು ಭಾಳ ಉರ್ಕೊಂಡಿದ್ರು ಅಂದ್ರಲ್ಲ, ದಪ್ಪ ಅಕ್ಷರದಾಗ ಹಾಕ್ತಿದ್ರು ಅಂತ. ಅದನ್ನs ಹೇಳೋಣಲ್ಲ.” ಮೇಜಿಗೆ ಒರಗಿ ನಿಂತೇ, ಕರಡಚ್ಚಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿ ನನ್ನ ಕಡೆ ತಿರುಗಿಸಿದರು. ಕನ್ನಡದಲ್ಲಿ ಅದು ಹೀಗಾಗುತ್ತದೆ: “ಅವರನ್ನು ಕಳೆದುಕೊಂಡ ಊರು, ಕೊನೆಯ ಸರದಿಯವರೆಗೂ ಲೆಕ್ಕ ಇಟ್ಟಿತ್ತು.”

ನಾನು ಅದನ್ನು ಓದಿದೆ. ಮತ್ತೆ ಓದಿದೆ. ಪದ ಪದವನ್ನೂ ಆಧಾರಕ್ಕೆ ಹಚ್ಚಿ ನೋಡಿದೆ. ಊರು ಕಳೆದುಕೊಂಡದ್ದು ನಿಜ. ಲೆಕ್ಕ ಇಟ್ಟದ್ದು ನಿಜ. ಕೊನೆಯ ಸರದಿಯವರೆಗೂ ಎಂಬುದು ನಿಜ, ನನ್ನ ಕ ಪ್ರತಿ ಮಾಡದ್ದನ್ನು ಆ ಊರು ಮಾಡಿತ್ತು. ಆ ಊರಿನ ಪತ್ರಿಕೆಯನ್ನು ಅವರು ಕಂಡೇ ಇರಲಿಲ್ಲ, ಊರು ಮರೆಯಿತೆಂದೇ ಬರೆದಿದ್ದರು. ಕಂಡವಳು ನಾನು. ಅದರ ಹೊಟ್ಟೆಯುರಿಯನ್ನು ಒಳಗಿನಿಂದ ಬಲ್ಲವಳೂ ನಾನು. ಆದರೂ ವಾಕ್ಯ ಅವರಿಗೆ ಬಂದಿತು, ಕಾರಿನ ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಾ ನಿಂತಿದ್ದವರಿಗೆ. ತಿದ್ದಲು ಒಂದು ಅಕ್ಷರವೂ ಇರಲಿಲ್ಲ.

“ಸರಿಯಾಗಿದೆ,” ಎಂದೆ.

“ಹಂಗಾದ್ರ ಇನ್ನೊಂದು ಮಾತು. ಕೆಳಗ ಇಬ್ಬರದೂ ಹೆಸರು ಹಾಕಸೋಣ. ನಿಮ್ಮದು ಮೊದಲು, ನನ್ನದು ಆಮ್ಯಾಲೆ. ಒಂದೇ ಅಳತಿ ಅಕ್ಷರ. ನೀವು ಇಲ್ಲಂದ್ರ ನಾ ಸುಳ್ಳಿಗೆ ಸಹಿ ಮಾಡ್ತಿದ್ದೆ.”

ಯಜಮಾನ ಜಾಗ ಅಳೆದು, ಆಗುತ್ತದೆ ಎಂದ. ಹೆಸರು ಬರೆಯಲೆಂದು ಡಾಕ್ಟರು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಆ ಚಳಿಗಾಲವೆಲ್ಲ ನಾನು ಬಯಸಿದ್ದು ಅದನ್ನೇ. ಕರಡಚ್ಚಿನ ಮೇಲೆ ಬಗ್ಗಿದೆ. ಕಣ್ಣು ಹೆಸರಿನ ಜಾಗಕ್ಕೆ ಹೋಗುವ ಬದಲು ಆ ವಾಕ್ಯದ ಮೇಲೆಯೇ ನಿಂತಿತು. ಅದರ ಕೆಳಗೆ ನನ್ನ ಹೆಸರು ಬಂದರೆ ಓದಿದವರು ಅದನ್ನು ನನ್ನದೆಂದೂ ತಿಳಿಯಬಹುದು. ನಾನು ಮಾತ್ರ ಆ ದಾರಿಯಲ್ಲಿ ಹೋದಾಗಲೆಲ್ಲ ಅದು ನನ್ನಿಂದ ಆಗದ ವಾಕ್ಯವೆಂದು ಓದುತ್ತೇನೆ. ಇನ್ನೊಬ್ಬರ ಬಂಗಾರವನ್ನು ಎರವಲು ತೊಟ್ಟು ಮೆರವಣಿಗೆಯಲ್ಲಿ ನಿಂತಂತೆ. ಪೆನ್ನನ್ನು ಮರಳಿ ಮೇಜಿನ ಮೇಲಿಟ್ಟು, ನನ್ನ ಹೆಸರು ಇದ್ದಲ್ಲಿಯೇ, ಇದ್ದಷ್ಟೇ ಇರಲಿ, ಸಾಕು, ಎಂದೆ. ಡಾಕ್ಟರು ಎರಡು ಬಾರಿ ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಅವರು ಸಹಿ ಹಾಕಿದರು. ಯಜಮಾನ ಕರಡಚ್ಚನ್ನು ಸುತ್ತಿ ಒಳಗೆ ಒಯ್ದ.

ಹಿಂದಿರುಗುವಾಗ ಡಾಕ್ಟರು ಕಾರಿನಿಂದಲೇ ಗ್ರಂಥಪಾಲಕಿಗೆ ಫೋನ್ ಮಾಡಿದರು. ತಪ್ಪು ಸಿಕ್ಕ ಬಗೆಯನ್ನು ನನಗಿಂತ ಸೊಗಸಾಗಿ ವಿವರಿಸಿದರು. ಹೆಸರಿನ ಮಾತು ಬಂದಾಗ ಅವರ ಧ್ವನಿ ಇಳಿಯಿತು. ಇಷ್ಟು ದೊಡ್ಡ ಕೆಲಸ ಮಾಡಿಯೂ ಹೆಸರು ಬೇಡವೆಂದರು, ಶಿ ಈಸ್ ಸೋ ಹಂಬಲ್, ಎಂಥ ವಿನಯ, ನಮ್ಮ ಹಳೇ ಕಾಲದ ಪಂಡಿತರೇ ಹಾಗೆ, ಎಂದರು. ಕಾರಿನ ಸ್ಪೀಕರಿನಿಂದ ಗ್ರಂಥಪಾಲಕಿಯ ಮೆಚ್ಚುಗೆಯ ಉದ್ಗಾರ ತುಂಬಿಕೊಂಡಿತು. ಇಬ್ಬರೂ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.

ನಾನು ಮಡಿಲಲ್ಲಿ ಕೈಗಳನ್ನು ಜೋಡಿಸಿಕೊಂಡು ಕಿಟಕಿಯ ಹೊರಗೆ ನೋಡಿದೆ. ಒಂದು ಆಯುಷ್ಯವನ್ನು ಅನ್ಯರ ತಪ್ಪು ಪಾಠಗಳನ್ನು ತಿದ್ದುವುದರಲ್ಲಿ ಕಳೆದವಳು, ಈ ಒಂದನ್ನು ಮಾತ್ರ ತಿದ್ದದೆ ಬಿಟ್ಟೆ.